ದೊಡ್ಡಪ್ಪನ ಎಂಟು ಪೆಟ್ಟಿಗೆಗಳು

ನಮ್ಮ ದೊಡ್ಡಪ್ಪ ಬಡಗಿ. ಮೂವತ್ತೈದು ವರ್ಷ ಅವರು ಮಾಡಿದ್ದು ಬಟ್ಟೆ ಬೀರು, ಅಡುಗೆಮನೆ ಕಪಾಟು, ಆಗೊಮ್ಮೆ ಈಗೊಮ್ಮೆ ಒಂದು ಮಂಚ. ಅವರು ಮಾಡಿದ ಬೀರುವಿನ ಬಾಗಿಲು ಮುಚ್ಚುವಾಗ ಧಡ್ ಎನ್ನುತ್ತಿರಲಿಲ್ಲ, ಉಸಿರು ಬಿಟ್ಟಂತೆ ಮೆಲ್ಲಗೆ ಹೋಗಿ ಕೂರುತ್ತಿತ್ತು. ಎರಡು ಹಲಗೆ ಸೇರುವ ಕಡೆ ಕೂದಲು ತೂರುವಷ್ಟು ಸಂದು ಕಂಡರೂ ಸಾಕು, ಎಲ್ಲ ಬಿಚ್ಚಿ ಮೊದಲಿನಿಂದ ಕಟ್ಟುವ ಆಸಾಮಿ. "ಸಂದು ಇದ್ರೆ ಅದು ಪೆಟ್ಟಿಗೆ ಅಲ್ಲ, ಜರಡಿ" ಎನ್ನುತ್ತಿದ್ದರು. ಹೀಗಾಗಿ ಒಪ್ಪಿಕೊಂಡ ದಿನಕ್ಕೆ ಒಂದು ಕೆಲಸವೂ ಮುಗಿಯುತ್ತಿರಲಿಲ್ಲ. ಗಿರಾಕಿಗಳು ಬೈದುಕೊಂಡು ಹೋಗುತ್ತಿದ್ದರು, ಮುಂದಿನ ಸಲ ಮತ್ತೆ ಇವರ ಹತ್ತಿರವೇ ಬರುತ್ತಿದ್ದರು.

ಹಾಡು, ಕುಣಿತ ಯಾವುದೂ ಅವರಿಗೆ ಬೇಡ. ಅವರ ಮರಗೆಲಸದ ಕಾರ್ಖಾನೆಯಲ್ಲಿ ಒಂದು ರೇಡಿಯೊ ಇತ್ತು. ವಾರ್ತೆ ಮುಗಿದು ಹಾಡು ಶುರುವಾದ ತಕ್ಷಣ ಅದರ ಕಿವಿ ಹಿಂಡುತ್ತಿದ್ದರು.

ನಾನು ಓದಿಗೆಂದು ಬಂದು ಅವರ ಮನೆಯಲ್ಲೇ ಉಳಿದವಳು. ಹಗಲು ಕನ್ನಡಕದ ಅಂಗಡಿಯಲ್ಲಿ ಕೆಲಸ, ಶನಿವಾರ ರಾತ್ರಿ ಕ್ಲಬ್. ಹಳೆಯ ಮುದ್ರಣಾಲಯವೊಂದರ ನೆಲಮಾಳಿಗೆಯಲ್ಲಿ ನನ್ನ ಗೆಳತಿಯೊಬ್ಬಳು ಇಬ್ಬರನ್ನು ಜೊತೆಗೆ ಹಾಕಿಕೊಂಡು ಬೇಸ್ ಸಂಗೀತದ ಕೂಟ ನಡೆಸುತ್ತಿದ್ದಳು. ಹಾಡಿನ ತಳದಲ್ಲಿರುವ ದಪ್ಪ ಸದ್ದೇ ಅಲ್ಲಿ ಯಜಮಾನ. ಕಿವಿಗಿಂತ ಮೊದಲು ಹೊಟ್ಟೆಗೆ ಕೇಳಿಸುವಂಥದ್ದು. ಗೆಳತಿ ಹಗಲು ಹೊತ್ತು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಕತ್ತಲೆಯಲ್ಲಿ ವೈರು ಜೋಡಿಸಲು ಸದಾ ಹಣೆಗೊಂದು ದೀಪ ಕಟ್ಟಿಕೊಂಡಿರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಟಾರ್ಚ್. ಬಾಡಿಗೆಗೆ ತಂದ ಸ್ಪೀಕರುಗಳು ಅವಳ ಪ್ರಾಣ ಹಿಂಡುತ್ತಿದ್ದವು. ಜೋರು ಮಾಡಿದರೆ ತಗಡು ಬಡಿದಂತೆ ಕೇಳುತ್ತಿತ್ತು. ಒಂದು ದಿನ ಎಲ್ಲಿಂದಲೋ ಒಂದು ನಕ್ಷೆ ಹಿಡಿದುಕೊಂಡು ಬಂದಳು. ನಾನು ಅವಳನ್ನು ದೊಡ್ಡಪ್ಪನ ಮುಂದೆ ನಿಲ್ಲಿಸಿದೆ.

ದೊಡ್ಡಪ್ಪ ನಕ್ಷೆಯನ್ನು ಹಿಂದೆ ಮುಂದೆ ತಿರುಗಿಸಿದರು. "ಇದೇನಮ್ಮ, ಪಾರಿವಾಳದ ಗೂಡಾ?"

"ಸ್ಪೀಕರ್ ಪೆಟ್ಟಿಗೆ ದೊಡ್ಡಪ್ಪ. ಒಳಗಡೆ ದಾರಿ ಮಡಚಿಕೊಂಡು ಹೋಗುತ್ತೆ ನೋಡಿ. ಸದ್ದು ಅಲ್ಲೆಲ್ಲ ಸುತ್ತಾಡ್ಕೊಂಡು ಹೊರಗೆ ಬರಬೇಕು. ಸುತ್ತಾಡಿದಷ್ಟೂ ದಪ್ಪ ಆಗುತ್ತೆ."

"ಡಾಕ್ಟ್ರು ನನಗೆ ಸುತ್ತಾಡಿದ್ರೆ ಸಣ್ಣ ಆಗ್ತೀರಾ ಅಂತಾರೆ. ಇದು ಉಲ್ಟಾನಾ?" ಅವರು ನಗಲಿಲ್ಲ, ಪೆನ್ಸಿಲಿನಿಂದ ಒಂದು ಮೂಲೆಗೆ ಗೀಟು ಹಾಕಿದರು. "ಈ ತಿರುವಲ್ಲಿ ಆಸರೆ ಕೊಟ್ಟಿಲ್ಲ. ಹಲಗೆ ಅದುರುತ್ತೆ. ಇದನ್ನ ಬರೆದವನು ಉಳಿ ಹಿಡಿದವನಲ್ಲ. ಎಲ್ಲಿಡ್ತೀರಿ ಇವನ್ನ? ಗೋಡೆ ನೋಡದೆ ನಾನು ಮರ ಕುಯ್ಯಲ್ಲ."

ಭಾನುವಾರ ಬೆಳಿಗ್ಗೆ ನೆಲಮಾಳಿಗೆಗೆ ಕರೆದುಕೊಂಡು ಹೋದೆವು. ಮಸಿಯ ವಾಸನೆ ಇನ್ನೂ ಗೋಡೆಗಳನ್ನು ಬಿಟ್ಟಿರಲಿಲ್ಲ. ದೊಡ್ಡಪ್ಪ ಬೆರಳಗಂಟಿನಿಂದ ಗೋಡೆ, ಕಂಬ, ನೆಲ ಎಲ್ಲವನ್ನೂ ಕುಟ್ಟಿ ನೋಡಿ, ಮೆಟ್ಟಿಲಿನ ಅಗಲ ಅಳೆದರು. ಪೆಟ್ಟಿಗೆ ಇಳಿಸಲು ಎರಡು ಬೆರಳಷ್ಟೇ ಮಿಗುತ್ತದೆ ಎಂದು ಗೊತ್ತಾದದ್ದು ಆಗಲೇ.

ಎದೆಮಟ್ಟದ ಎಂಟು ಪೆಟ್ಟಿಗೆಗೆ ನಾಲ್ಕು ತಿಂಗಳು ಹಿಡಿಯಿತು. ಪ್ರತಿ ಪೆಟ್ಟಿಗೆ ಮುಗಿದಾಗ ಟಾರ್ಚ್ ಸ್ಪೀಕರಿನ ತಟ್ಟೆಯನ್ನು ಎರಡೂ ಅಂಗೈಯಿಂದ ಮೆಲ್ಲಗೆ ಒತ್ತಬೇಕು; ದೊಡ್ಡಪ್ಪ ಮೇಣದಬತ್ತಿ ಹಚ್ಚಿ ಪ್ರತಿ ಅಂಚಿನ ಉದ್ದಕ್ಕೂ ಹಿಡಿದುಕೊಂಡು ಹೋಗುವರು. ಜ್ವಾಲೆ ಅಲುಗಬಾರದು; ಅಲುಗಿದರೆ ಅಲ್ಲಿ ಸಂದು ಇದೆ ಎಂದೇ ಅರ್ಥ. ಮೂರನೆಯ ಪೆಟ್ಟಿಗೆಯ ಹಿಂದಿನ ಮೂಲೆಯಲ್ಲಿ ಅದು ಒಂದಿಷ್ಟು ಬಾಗಿತು. ದೊಡ್ಡಪ್ಪ ಸ್ಕ್ರೂಡ್ರೈವರ್ ಎತ್ತಿಕೊಂಡರು. ಟಾರ್ಚಳ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಯಾರಿಗೂ ಗೊತ್ತಾಗಲ್ಲ ದೊಡ್ಡಪ್ಪ."

"ನನಗೆ ಗೊತ್ತಾಗಿದೆಯಲ್ಲಮ್ಮ."

ಮೊದಲ ರಾತ್ರಿ ಅವರು ಕಿವಿಗೆ ಹತ್ತಿ ತುರುಕಿಕೊಂಡು, ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಬಂದರು. ಹತ್ತು ನಿಮಿಷ ನೋಡಿ ಹೊರಟುಬಿಡುತ್ತೇನೆ ಎಂದಿದ್ದರು. ಮೊದಲ ಹಾಡಿಗೇ ನೆಲ ಗುಂಯ್‌ಗುಟ್ಟಿತು, ಅವರ ಪ್ಯಾಂಟಿನ ಕಾಲುಗಳು ಗಾಳಿ ಹೊಕ್ಕಂತೆ ಪಟಪಟ ಅಂದವು. ಇನ್ನೂರು ಜನ ಒಮ್ಮೆಗೇ ಕೂಗಿದರು. ದೊಡ್ಡಪ್ಪ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ನಿಂತರು. ಆ ಗದ್ದಲದ ನಡುವೆ ಅವರಿಗೆ ಎಲ್ಲೋ ಒಂದು ಝುರ್ರ್ ಕೇಳಿಸಿತ್ತು. ನಮಗಾರಿಗೂ ಕೇಳಿಸಲಿಲ್ಲ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು (ಹತ್ತು ನಿಮಿಷಕ್ಕೆಂದು ಬಂದವರ ಜೇಬಿನಲ್ಲಿ ಅದು ಇತ್ತು) ಕುಣಿಯುವವರನ್ನು "ಸ್ವಲ್ಪ ಸರೀರಪ್ಪ" ಎನ್ನುತ್ತ ದಾಟಿ, ಪೆಟ್ಟಿಗೆಗಳ ಮುಂದೆ ಮಂಡಿಯೂರಿದರು. ಒಂದೊಂದರ ಮೇಲೂ ಅಂಗೈ ಇಟ್ಟು, ಕಣ್ಣು ಮುಚ್ಚಿ, ಹಣೆ ತಾಗಿಸಿ ಹುಡುಕಿದರು. ಪಕ್ಕದಲ್ಲಿದ್ದ ಇಬ್ಬರು ಇದೂ ಕುಣಿತದ ಒಂದು ಬಗೆ ಅಂದುಕೊಂಡು ತಾವೂ ಅಂಗೈ ಇಟ್ಟರು. ಅವರನ್ನು ನೋಡಿ ಇನ್ನಿಬ್ಬರು. ಐದನೆಯ ಪೆಟ್ಟಿಗೆಯ ಹಿಡಿಯ ತಿರುಪು ಸಡಿಲವಾಗಿದ್ದು ಸಿಕ್ಕುವಷ್ಟರಲ್ಲಿ ಇಪ್ಪತ್ತು ಜನ ಸಾಲಾಗಿ ಮಂಡಿಯೂರಿ ಪೆಟ್ಟಿಗೆ ಮುಟ್ಟುತ್ತಿದ್ದರು. ಮರುವಾರದಿಂದ ಅದೇ ಅಲ್ಲಿಯ ರೂಢಿಯಾಯಿತು. ಒಳಗೆ ಬಂದವರು ಮೊದಲು ಒಂದು ಪೆಟ್ಟಿಗೆ ಮುಟ್ಟಿ ಆಮೇಲೆ ಕುಣಿಯುವುದು.

"ನಾನು ಸ್ಕ್ರೂ ಹುಡುಕ್ತಿದ್ದೆ ಮಾರಾಯ್ತಿ," ಎಂದು ಆ ಮೊದಲ ರಾತ್ರಿ ಮನೆಗೆ ಹೋಗುವ ದಾರಿಯುದ್ದಕ್ಕೂ ದೊಡ್ಡಪ್ಪ ನಕ್ಕರು. ಬೆಳಿಗ್ಗೆ ಕಾಫಿ ಕುಡಿಯುವಾಗ ಮಾತ್ರ ಗಂಭೀರವಾಗಿದ್ದರು. "ಬೀರು ಮಾಡಿ ಕೊಟ್ರೆ ಒಂದು ಮನೆಯವರು ಬಳಸ್ತಾರೆ. ನಾನು ಮಾಡಿದ್ದನ್ನ ಇಷ್ಟು ಜನ ಒಟ್ಟಿಗೆ ಬಳಸಿದ್ದು ಇದೇ ಮೊದಲು ಕಣೇ."

ಆಮೇಲೆ ಪ್ರತಿ ಶನಿವಾರ ಒಂದು ನೆಪ. ಒಂದು ವಾರ ಚಕ್ರ, ಒಂದು ವಾರ ಅಂಟು, ಇನ್ನೊಂದು ವಾರ ಹಿಡಿ. ದೊಡ್ಡಮ್ಮ ಎರಡು ವಾರ ನಂಬಿದರು. ಮೂರನೆಯ ವಾರ ಗಂಡನ ಮಣಿಕಟ್ಟಿನ ಮೇಲೆ, ಕ್ಲಬ್ಬಿನೊಳಗೆ ಬಿಡುವಾಗ ಹಾಕುವ ನೇರಳೆ ಬಣ್ಣದ ಮುದ್ರೆ ಕಂಡಿತು.

"ಅರವತ್ತಕ್ಕೆ ಅರಳುಮರಳು ಅಂತಾರೆ. ನಿಮಗೆ ಎರಡು ವರ್ಷ ಮೊದಲೇ ಬಂತಲ್ಲ!"

"ಬಂದು ನೋಡು ಒಂದ್ಸಲ."

"ಬರ್ತೀನಿ. ಅರ್ಧ ಗಂಟೆ ಕೂತು, ನಿಮ್ಮ ಕಿವಿ ಹಿಡ್ಕೊಂಡು ಕರ್ಕೊಂಡು ಬರ್ತೀನಿ."

ದೊಡ್ಡಮ್ಮನ ವಿಷಯ ಒಂದು ಹೇಳಬೇಕು. ಅವರು ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹನ್ನೆರಡು ವರ್ಷ ರಾತ್ರಿ ಪಾಳಿ ಮಾಡಿದವರು. ಹಗಲು ಪಾಳಿಗೆ ಬಂದು ಆರು ವರ್ಷವಾದರೂ ರಾತ್ರಿಯ ನಿದ್ದೆ ಮಾತ್ರ ವಾಪಸು ಬಂದಿರಲಿಲ್ಲ. ಮಾತ್ರೆ, ಬಿಸಿ ಹಾಲು, ಅಂಗಾಲಿಗೆ ಎಣ್ಣೆ ಎಲ್ಲ ಆಗಿತ್ತು. ಬೀದಿಯ ಆಚೆ ಬೀಗ ತೆಗೆದರೆ ಇಲ್ಲಿ ಅವರಿಗೆ ಎಚ್ಚರ. ಎಷ್ಟೋ ರಾತ್ರಿ ನಾನು ನೀರು ಕುಡಿಯಲು ಎದ್ದರೆ ಅಡುಗೆಮನೆಯ ಕತ್ತಲಲ್ಲಿ ಸುಮ್ಮನೆ ಕೂತಿರುತ್ತಿದ್ದರು.

ಆ ಶನಿವಾರ ಟಾರ್ಚ್ ದೊಡ್ಡಮ್ಮನ ಕಿವಿಗೆ ರಬ್ಬರ್ ಬಿರಡೆ ಹಾಕಿ, ಪೆಟ್ಟಿಗೆಗಳ ಹಿಂದೆ ಕೋಟುಗಳನ್ನು ರಾಶಿ ಹಾಕುವ ಬೆಂಚಿನ ಮೇಲೆ ಕೂರಿಸಿದಳು. ದೊಡ್ಡಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತರು. ಸದ್ದು ಶುರುವಾಯಿತು. ಕಾಲು ಗಂಟೆ ಬಿಟ್ಟು ನೋಡಿದರೆ ತಲೆ ಕೋಟುಗಳ ರಾಶಿಯ ಮೇಲೆ, ಕೈಚೀಲ ನೆಲದ ಮೇಲೆ. ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. ಮೂಗಿನ ಹತ್ತಿರ ಬೆರಳು ಹಿಡಿದರು. ಟಾರ್ಚ್ ಹಣೆಯ ದೀಪದ ಬೆಳಕು ಬಿಟ್ಟು ನೋಡಿದಳು. ಯಾರೋ ಓಡಿಹೋಗಿ ಹಾಡು ಹಾಕುವವನಿಗೆ ಹೇಳಿದರು. ಅವನು ಒಮ್ಮೆಗೇ ಸದ್ದು ನಿಲ್ಲಿಸಿದ.

ದೊಡ್ಡಮ್ಮ ಕಣ್ಣು ಬಿಟ್ಟರು. ಸುತ್ತ ಬಾಗಿದ್ದ ಮೂವತ್ತು ಮುಖಗಳನ್ನು ನೋಡಿ, "ಯಾಕೆ ನಿಲ್ಲಿಸಿದ್ರಿ?" ಎಂದು ಗದರಿದರು. "ಆರು ವರ್ಷದ ಮೇಲೆ ಕಣ್ಣು ಹತ್ತಿತ್ತು, ಕೆಡಿಸಿಬಿಟ್ರಲ್ಲ!"

ನೆಲಮಾಳಿಗೆಯಲ್ಲಿ ಎದ್ದ ನಗೆ ಹೇಳತೀರದು. ಹಾಡು ಹಾಕುವವನು ಕೈಮುಗಿದು ಮತ್ತೆ ಶುರು ಮಾಡಿದ. ದೊಡ್ಡಮ್ಮ ಮಗ್ಗುಲು ಬದಲಿಸಿದವರು ಏಳುವಾಗ ಬೆಳಗಿನ ನಾಲ್ಕು.

"ಲಾಂಡ್ರಿಯಲ್ಲಿ ದೊಡ್ಡ ಮೆಷಿನ್ನು ಹೀಗೇ ಗುಂಯ್‌ಗುಡ್ತಿತ್ತು," ಎಂದರು ಟ್ಯಾಕ್ಸಿಯಲ್ಲಿ. "ಊಟದ ಬಿಡುವಲ್ಲಿ ಅದಕ್ಕೆ ಒರಗಿಕೊಂಡು ಹತ್ತು ನಿಮಿಷ ಮಲಗ್ತಿದ್ದೆ. ಅಂಥ ನಿದ್ದೆ ಆಮೇಲೆ ಬರಲೇ ಇಲ್ಲ." ಮನೆ ಬರುವ ತನಕ ದೊಡ್ಡಪ್ಪ ಅವರ ಕೈಚೀಲವನ್ನು ತಾವೇ ಹಿಡಿದುಕೊಂಡಿದ್ದರು.

ಒಂದು ವರ್ಷ ಇಬ್ಬರೂ ಜೋಡಿಯಾಗಿ ಬಂದರು. ಅವರು ಪೆಟ್ಟಿಗೆ ನೋಡಿಕೊಳ್ಳುವುದು, ಇವರು ಮಲಗುವುದು. ದೊಡ್ಡಮ್ಮ ಮನೆಯಿಂದ ದಿಂಬು ತರತೊಡಗಿದರು. ಮಲಗುವ ಮೊದಲು ಯಾರ ಕೋಟಿನದಾದರೂ ಗುಂಡಿ ಕಿತ್ತುಹೋಗಿದ್ದರೆ ಹೊಲಿದು ಇಡುತ್ತಿದ್ದರು. ಕೇಳದೆಯೇ ಹೊಲಿಯುತ್ತಿದ್ದರು, ಆಮೇಲೆ ಬೈಯುತ್ತಿದ್ದರು. ಕುಣಿದು ದಣಿದವರು ಅವರ ಕಾಲ ಬಳಿ ಬಂದು ಕೂರುತ್ತಿದ್ದರು. ಇನ್ನೂರು ಜನಕ್ಕೂ ಅವರು ದೊಡ್ಡಪ್ಪ, ದೊಡ್ಡಮ್ಮ. ನನ್ನ ಸ್ವಂತದ್ದೆಂದು ಹೇಳಿಕೊಳ್ಳಲು ನನಗೇನೂ ಉಳಿದಿರಲಿಲ್ಲ.

ಆಮೇಲೆ ಕಟ್ಟಡ ಮಾರಾಟವಾಯಿತು. ಕೊಂಡವರು ಅಲ್ಲಿ ಕಾರು ನಿಲ್ಲಿಸುವ ಜಾಗ ಮಾಡುವವರಿದ್ದರು. ತಿಂಗಳೊಳಗೆ ಖಾಲಿ ಮಾಡಬೇಕಾಯಿತು. ಎಂಟು ಪೆಟ್ಟಿಗೆಗಳು ದೊಡ್ಡಪ್ಪನ ಕಾರ್ಖಾನೆಗೆ ಬಂದು, ಅರೆಬರೆ ಬೀರುಗಳ ಪಕ್ಕ ಗೋಡೆಗೆ ಮುಖ ಮಾಡಿ ನಿಂತವು. ಟಾರ್ಚ್ ಎರಡು ತಿಂಗಳು ಜಾಗ ಹುಡುಕಿದಳು. ಸದ್ದು ಎಂದರೆ ಎಲ್ಲರೂ ಆಗದೆಂದು ತಲೆ ಆಡಿಸುವವರೇ. ಒಂದು ಸಂಜೆ ಬಂದು ಮರದ ಹೊಟ್ಟಿನ ಮೇಲೆ ಕುಸಿದು ಕೂತಳು.

"ಸಾಕಾಯ್ತು ದೊಡ್ಡಪ್ಪ. ಯಾರಿಗಾದ್ರೂ ಮಾರಿಬಿಡೋಣ."

ದೊಡ್ಡಪ್ಪ ಹಲಗೆ ಉಜ್ಜುತ್ತಲೇ ಇದ್ದರು. "ಒಂದು ವಾರ ತಡಿಯಮ್ಮ," ಅಂದರು ಅಷ್ಟೇ.

ಮರುದಿನ ಕಾರ್ಖಾನೆಗೆ ಬೀಗ. ಸ್ಕೂಟರು ಹತ್ತಿ ಹೊರಟರು. ಮೂವತ್ತೈದು ವರ್ಷ ಕಪಾಟು ಕೂರಿಸಿದವರಿಗೆ ನಗರದ ಗೋಡೆಗಳೆಲ್ಲ ಪರಿಚಯ. ಯಾವುದಕ್ಕೆ ಮೊಳೆ ಇಳಿಯುತ್ತದೆ, ಯಾವುದಕ್ಕೆ ಇಳಿಯುವುದಿಲ್ಲ ಎಂದು ಗೊತ್ತು. ಮೂರು ಕಡೆ ಬಾಗಿಲಲ್ಲೇ ಇಲ್ಲ ಎಂದರು. ನಾಲ್ಕನೆಯದು ಮುಚ್ಚಿಹೋದ ಒಂದು ಹಣ್ಣಿನ ಶೀತಲ ಗೋದಾಮು. ಹಿಂದೆ ಅಲ್ಲಿ ಅಟ್ಟಣಿಗೆ ಹೊಡೆಯುವಾಗ ಗೋಡೆಯ ದಪ್ಪಕ್ಕೆ ಅವರ ಡ್ರಿಲ್ಲಿನ ಮೊನೆ ಎರಡು ಸಲ ಮುರಿದಿತ್ತು. ಅದರ ಯಜಮಾನಿ ಎದುರುಮನೆಯಲ್ಲೇ ಇದ್ದರು. ಎಪ್ಪತ್ತು ದಾಟಿದ ವಿಧವೆ, ಮಾತು ಖಾರ.

"ಕುಣಿಯೋಕೆ ಕೊಡಬೇಕಾ? ನನ್ನ ಕಿಟಕಿ ಗಾಜು ಉದುರಿಸ್ತೀರಾ?"

"ಒಳಗಿನ ತಂಪು ಹೊರಗೆ ಬಿಡದ ಗೋಡೆ ಅಮ್ಮ ಇದು. ಸದ್ದನ್ನೂ ಬಿಡಲ್ಲ ಅನ್ನಿಸುತ್ತೆ. ನನ್ನ ಮಾತು ನಂಬಬೇಡಿ, ಬುಧವಾರ ಮಧ್ಯಾಹ್ನ ನೀವೇ ನೋಡಿ. ಒಪ್ಪಿಗೆ ಆಗದಿದ್ರೆ ಇನ್ನೊಂದ್ಸಲ ಬರಲ್ಲ."

ಬುಧವಾರ ನಾಲ್ಕು ಪೆಟ್ಟಿಗೆ ಟೆಂಪೊದಲ್ಲಿ ಬಂದವು. ಟಾರ್ಚ್ ಲ್ಯಾಬಿನ ಬಿಳಿ ಕೋಟಿನಲ್ಲೇ ಊಟದ ಬಿಡುವಿಗೆ ಓಡಿ ಬಂದು ವೈರು ಜೋಡಿಸಿದಳು. ನಾನೂ ಅಂಗಡಿಯಲ್ಲಿ ತಲೆನೋವೆಂದು ಸುಳ್ಳು ಹೇಳಿ ಬಂದಿದ್ದೆ. ಯಜಮಾನಿ ಬೀದಿಯಲ್ಲಿ ಛತ್ರಿ ಹಿಡಿದು ನಿಂತರು, ಪಕ್ಕದಲ್ಲಿ ದೊಡ್ಡಪ್ಪ, ರಜೆ ಹಾಕಿ ಬಂದ ದೊಡ್ಡಮ್ಮ, ನಾನು. ಟಾರ್ಚ್ ಒಳಗಿನಿಂದ ಆ ಭಾರಿ ಬಾಗಿಲು ಎಳೆದುಕೊಂಡಳು. ಬೀದಿಯಲ್ಲಿ ಒಂದು ಸೈಕಲ್ಲು ಹೋಯಿತು. ಗೋದಾಮಿನ ಕಟ್ಟೆಯ ಮೇಲೆ ಬೆಕ್ಕೊಂದು ಬಿಸಿಲು ಕಾಯಿಸುತ್ತ ಮಲಗಿತ್ತು. ಯಜಮಾನಿ ಗೋಡೆಗೆ ಅಂಗೈ ಇಟ್ಟರು, ಕಿವಿ ಇಟ್ಟರು. ಬಿಸಿಲಿಗೆ ಬೆವರು ಒರೆಸಿಕೊಂಡರು.

"ಎಷ್ಟೊತ್ತು ನಿಲ್ಲಿಸ್ತೀರಪ್ಪ? ಶುರು ಮಾಡೋಕೆ ಹೇಳಿ."

"ಶುರುವಾಗಿ ಹತ್ತು ನಿಮಿಷ ಆಯ್ತಮ್ಮ," ಎಂದರು ದೊಡ್ಡಪ್ಪ.

ಯಜಮಾನಿಗೆ ನಂಬಿಕೆ ಬರಲಿಲ್ಲ. ಹೋಗಿ ಬಾಗಿಲನ್ನು ಒಂದು ಗೇಣು ಎಳೆದರು. ಗುಡುಗು ಬೀದಿಗೆ ಬಿದ್ದಂತಾಯಿತು. ಬೆಕ್ಕು ಒಂದೇ ನೆಗೆತಕ್ಕೆ ಮಾಯ, ಛತ್ರಿ ಕೈಜಾರಿತು. ಧಡಕ್ಕನೆ ಬಾಗಿಲು ಮುಚ್ಚಿ ಎದೆ ಹಿಡಿದುಕೊಂಡು ನಿಂತರು. ಮತ್ತೆ ನಿಶ್ಶಬ್ದ. ದೊಡ್ಡಪ್ಪ ಎಲ್ಲ ಕೆಟ್ಟಿತೆಂದು ಕಣ್ಣು ಮುಚ್ಚಿಕೊಂಡರು. ಯಜಮಾನಿಗೆ ನಗು ಬಂತು. ಮೊದಲು ಭುಜ ಕುಲುಕಿತು, ಆಮೇಲೆ ಕೆಮ್ಮು ಬರುವಷ್ಟು ನಕ್ಕರು.

"ಗೋಡೆ ಸರಿ," ಎಂದರು ಕಣ್ಣೊರೆಸಿಕೊಂಡು. "ಬಾಗಿಲು ಸರಿ ಇಲ್ಲ. ಒಬ್ಬೊಬ್ಬರು ಒಳಗೆ ಹೋದಾಗಲೂ ಹೀಗೆ ಹಾರಿಬಿದ್ರೆ ನಾನು ಎಷ್ಟು ದಿನ ಬದುಕ್ತೀನಿ? ಅದಕ್ಕೊಂದು ದಾರಿ ಮಾಡಿ, ಆಮೇಲೆ ಕುಣೀರಿ."

ದೊಡ್ಡಪ್ಪ ಭಾರಿ ಬಾಗಿಲಿನ ಒಳಗೆ ಒಂದು ಚಿಕ್ಕ ಕೋಣೆ ಕಟ್ಟಿ, ಅದರಾಚೆಗೆ ಇನ್ನೊಂದು ಬಾಗಿಲು ಕೂರಿಸಿದರು. ಎರಡು ವಾರ ಎಂದವರು ಏಳು ವಾರ ಮಾಡಿದರು. ಈ ಸಲ ಕ್ಲಬ್ಬಿನ ಹತ್ತು ಹನ್ನೆರಡು ಮಂದಿ ಮರಳು ಕಾಗದ ಹಿಡಿದು ಜೊತೆಗಿದ್ದರು. ಅದರಿಂದ ಕೆಲಸ ಇನ್ನಷ್ಟು ತಡವಾಯಿತು ಎನ್ನುವುದು ದೊಡ್ಡಪ್ಪನ ವಾದ. ಯಜಮಾನಿ ದಿನಾ ಬಂದು ತಪ್ಪು ಹುಡುಕುತ್ತಿದ್ದರು. ದೊಡ್ಡಮ್ಮನೂ ಅವರೂ ಗೆಳತಿಯರಾದದ್ದು ಹಾಗೆ. ಇಬ್ಬರಿಗೂ ದೊಡ್ಡಪ್ಪನನ್ನು ಬೈಯಲು ಒಬ್ಬರು ಜೊತೆ ಬೇಕಿತ್ತು.

ಹೊಸ ಜಾಗದ ಮೊದಲ ರಾತ್ರಿ ಯಜಮಾನಿ ಆ ಚಿಕ್ಕ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು ಕೂತುಬಿಟ್ಟರು. ಒಂದು ಬಾಗಿಲು ಮುಚ್ಚಿದ ಹೊರತು ಇನ್ನೊಂದನ್ನು ಮುಟ್ಟುವ ಹಾಗಿಲ್ಲ. ಬೆಳ್ಳಿ ಬಣ್ಣ ಬಳಿದುಕೊಂಡು ಬಂದವರು, ತಲೆ ಬೋಳಿಸಿಕೊಂಡವರು, ಮೂಗಿಗೆ ಸರಪಳಿ ಹಾಕಿಕೊಂಡವರು ಎಲ್ಲರೂ ಶಾಲೆಯ ಮಕ್ಕಳಂತೆ ಅವರ ಮುಂದೆ ಕಾದು ನಿಂತು ಒಳಗೆ ಹೋದರು. ಹನ್ನೊಂದರ ಹೊತ್ತಿಗೆ ದೊಡ್ಡಪ್ಪ ಬೆವರಿ ತೊಪ್ಪೆಯಾಗಿ, ಹೊರಗಿನ ಗಾಳಿಗೆಂದು ಒಳಬಾಗಿಲು ತೆರೆದು ಬಂದವರು ಅದನ್ನು ಹಾಗೇ ಬಿಟ್ಟು ಹೊರಬಾಗಿಲಿಗೆ ಕೈ ಹಾಕಿದರು.

"ರೀ ಬಡಗಿಯವರೇ!" ಯಜಮಾನಿ ಕುರ್ಚಿಯಿಂದ ಎದ್ದರು. "ನೀವೇ ಮಾಡಿದ್ದಾದ್ರೇನಂತೆ? ಮೊದಲು ಅದನ್ನ ಮುಚ್ಚಿ!"

ದೊಡ್ಡಪ್ಪ ತಿರುಗಿ, ತಪ್ಪಾಯಿತೆಂದು ತಲೆ ಆಡಿಸಿ, ಬಾಗಿಲನ್ನು ಎರಡೂ ಕೈಯಿಂದ ಮೆಲ್ಲಗೆ ತಳ್ಳಿ ಮುಚ್ಚಿದರು.