ಗುಡ್ಡಕ್ಕೆ ಕೊಟ್ಟ ಕಾಳು

ವಿಮಾ ಏಜೆಂಟನನ್ನು ಕಂಡರೆ ಜನ ಓಣಿ ಬದಲಿಸುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಕನ್ನಡಿಯಲ್ಲಿ ನನ್ನ ಮುಖ ಕಂಡಾಗ ನನಗೂ ಒಮ್ಮೊಮ್ಮೆ ಹಾಗೇ ಅನಿಸುತ್ತದೆ. ಊರವರ ಸಾವು, ಕಾಲುಮುರಿತ, ಬೆಂಕಿ ಇವನ್ನೆಲ್ಲ ಅವರಿಗಿಂತ ಮೊದಲೇ ನೆನೆದು ಗಾಬರಿಯಾಗುವುದು ನನ್ನ ಉದ್ಯೋಗ. ಉದ್ಯೋಗಕ್ಕೂ ಮೊದಲು ಅದು ಸ್ವಭಾವ. ಮದುವೆಮನೆಯಲ್ಲಿ ಹಂದರದ ಗೂಟ ಅಲುಗಿಸಿ ನೋಡಿ ಬೀಗರಿಂದ ಬೈಸಿಕೊಂಡವನು ನಾನು. ಇಂಥವನನ್ನು ಚಂದಾ ಎತ್ತುವ ಕೆಲಸಕ್ಕೆ ಕರೆದುಕೊಂಡವನು ಗಜೇಂದ್ರಗಡದಲ್ಲಿ ಅರಳೆ ತುಂಬಿ ಗಾದಿ ಹಾಕುವ ನನ್ನ ಗೆಳೆಯ.

ಅವನಿಗೆ ಒಂದು ಗುಡ್ಡ ಉಳಿಯಬೇಕಾಗಿತ್ತು. ಸೂಡಿಯಿಂದ ಬರುವಾಗ ಬಸ್ಸಿನ ಎಡಕ್ಕೆ ಕಾಣುವ ಕಲ್ಲುಗುಡ್ಡ. ದೂರದಿಂದ ನೋಡಿದವರಿಗೆ ಅದರ ಮೇಲೆ ಏನೂ ಇಲ್ಲ. ಹತ್ತಿ ನೋಡಿದರೆ ಕಾರಿ, ಕವಳಿ, ಬಾರಿ, ತುಗ್ಗಲಿಯ ಕಂಟಿಗಳು, ಇಳಿಜಾರಿನ ತುಂಬ ಸೀತಾಫಲ. ಗೆಳೆಯನ ತಂದೆ ಬೇಗ ತೀರಿಕೊಂಡ ಮೇಲೆ ಅವನ ತಾಯಿ ಆ ಹಣ್ಣು ಬುಟ್ಟಿಯಲ್ಲಿ ತಂದು ಸಂತೆಯಲ್ಲಿ ಮಾರಿ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ್ದಳು. ಮಗನ ಅಂಗಡಿ ನಡೆಯತೊಡಗಿದ ಮೇಲೂ ಬುಟ್ಟಿ ಬಿಟ್ಟಿರಲಿಲ್ಲ. ಆ ಇಳಿಜಾರಿಗೆ ಅವರ ಮನೆಯಲ್ಲಿ ‘ಅಮ್ಮಾನ ಹೊಲ’ ಎಂದೇ ಹೆಸರು. ಸರಕಾರಕ್ಕೆ ಮಾತ್ರ ಅದು ಗೊತ್ತಿರಲಿಲ್ಲ.

ಆಗ ನಮ್ಮ ಸೀಮೆಯ ಗುಡ್ಡಗಳ ನೆತ್ತಿಯ ಮೇಲೆ ಒಂದೊಂದಾಗಿ ಕರೆಂಟು ತೆಗೆಯುವ ಗಾಳಿಪಂಖಗಳು ಏಳುತ್ತಿದ್ದವು. ಈ ಗುಡ್ಡಕ್ಕೂ ಅಳತೆಯವರು ಬಂದು ಕೆಂಪು ಬಣ್ಣ ಬಳಿದು ಹೋದರು. ಪಂಖ ನಿಲ್ಲುವುದು ನೆತ್ತಿಯ ಮೇಲೆ. ಅದನ್ನು ಸಾಗಿಸುವ ರಸ್ತೆ ಹಾಯಬೇಕಾದದ್ದು ಸೀತಾಫಲದ ಇಳಿಜಾರಿನಲ್ಲಿ. ಧಾರವಾಡದಲ್ಲಿ ಹೈಕೋರ್ಟಿನ ಪೀಠ ಹೊಸದಾಗಿ ಶುರುವಾಗಿತ್ತು. ಅಲ್ಲಿಯ ವಕೀಲರೊಬ್ಬರು, ಅಡವಿಯೊಳಗೆ ಹೊಸ ರಸ್ತೆ ಮಾಡುವುದಾದರೆ ತಡೆಯಾಜ್ಞೆ ತರಬಹುದು ಎಂದರು. ತಮ್ಮ ಫೀ ಎಷ್ಟೆಂದೂ ಹೇಳಿದರು. ಅದನ್ನು ಕೇಳಿ ನಾವಿಬ್ಬರೂ ವಾಪಸು ಬರುವ ಬಸ್ಸಿನಲ್ಲಿ ನರಗುಂದ ದಾಟುವವರೆಗೆ ಚಂದಾ ಕೊಡಬಹುದಾದವರ ಹೆಸರು ಎಣಿಸಿದೆವು.

ಸುಗ್ಗಿ ಬಂದಿತ್ತು. ರಾಶಿ ನಡೆದಿರುವಾಗ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ ಎಂಬುದು ಗೆಳೆಯನ ಲೆಕ್ಕಾಚಾರ. ಅವನ ಮೂರು ಗಾಲಿಯ ಟಂಟಂನಲ್ಲಿ ಕೂತು ಕಣದಿಂದ ಕಣಕ್ಕೆ ಹೋದೆವು. ಮಾತು ಶುರು ಮಾಡುವುದು ನನ್ನ ಪಾಲು, ಓದಿದವನೆಂದು. ನಾನು ಪರಿಸರ, ಅಂತರ್ಜಲ ಎಂದೆಲ್ಲ ಹೇಳುತ್ತಿದ್ದೆ. ಯಾವಗಲ್ ಊರಿನ ಒಬ್ಬ ಹಿರಿಯರು ಕೊನೆಯತನಕ ಕೇಳಿ, ಮೀಸೆಗೆ ಹತ್ತಿದ ಹೊಟ್ಟು ಒರೆಸಿಕೊಂಡು ಅಂದರು:

“ಅಡವಿ ಕಡಿಯಾವ್ರಿಗೆ ಕೂಲಿ ಕೊಡೂದು ಗೊತ್ತೈತ್ರಿ. ಕಡೀದ ಇರಾಕೂ ಕೂಲಿ ಕೊಡಬೇಕೇನು?”

ಗೆಳೆಯ ಮುಂದೆ ಬಂದ.

“ಗೌಡ್ರ, ಇವರ ಮಾತು ಬಿಡ್ರಿ. ಇವರು ನಿಮ್ಮ ಸಾವಿನ ಮ್ಯಾಲ ರೊಕ್ಕ ಕೇಳಾವ್ರು. ನಾ ನಿಮ್ಮ ನಿದ್ದಿ ಮ್ಯಾಲ ಕೇಳಾಂವ. ನಿಮ್ಮ ಮಗಳ ಮದುವಿ ಗಾದಿ ನಂದ ಐತಿ. ಗುಡ್ಡಕ್ಕ ಅಂತ ಏನರ ಕೊಡ್ರಿ.”

ಹಿರಿಯರು ನಕ್ಕರು. ಕೊಟ್ಟರು ಕೂಡ. ಆದರೆ ರೊಕ್ಕವಲ್ಲ, ಕಾಳು. ಅಲ್ಲಿಂದ ಮುಂದೆ ಎಲ್ಲ ಕಣಗಳಲ್ಲೂ ಹಾಗೆಯೇ: ಜೋಳ, ಕಡಲೆ, ಗೋಧಿ. ಕಣದಲ್ಲಿ ನಿಂತವನ ಕೈಯಲ್ಲಿ ಇರುವುದೇ ಅದು. ಗಾದಿ ಅಂಗಡಿಯಲ್ಲಿ ಅರಳೆಯ ಮೂಟೆಗಳ ಜಾಗದಲ್ಲಿ ಕಾಳಿನ ಚೀಲ ಬಂದು ಕೂತವು. ನನಗೆ ಇಲಿಯ ಚಿಂತೆ, ನುಸಿಯ ಚಿಂತೆ, ಗೋಡೆಯ ತೇವದ ಚಿಂತೆ. ಗೆಳೆಯ ಮಾತ್ರ ಚೀಲಗಳ ಮೇಲೆಯೇ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದ.

ಮಾರಿದರೆ ವಕೀಲರ ಫೀ ಹುಟ್ಟುತ್ತಿತ್ತು. ಒಂದು ಮುಂಜಾನೆ ರೋಣದ ಪೇಟೆಗೆ ಒಯ್ದೆವು. ದಲಾಲರು ಮುಷ್ಟಿಯಲ್ಲಿ ಕಾಳು ಹಿಡಿದು ನೋಡಿ, ಒಂದೇ ಚೀಲದಲ್ಲಿ ಹತ್ತು ಹೊಲದ ಜೋಳ ಯಾಕಿದೆ ಎಂದು ಕೇಳಿದರು. ಗೆಳೆಯ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ. ದಲಾಲರು ಕಾಳನ್ನು ಮೆಲ್ಲಗೆ ಚೀಲದೊಳಗೇ ಬಿಟ್ಟು, ಕೈ ಝಾಡಿಸಿಕೊಂಡು, ಚಹಾ ತರಿಸಿದರು. ವ್ಯಾಪಾರದ ಮಾತು ಮತ್ತೆ ಎತ್ತಲಿಲ್ಲ.

ನಾವು ಚಹಾ ಕುಡಿದು ಎದ್ದು ಬಂದೆವು. ಆದರೆ ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು. ಮರುದಿನ ಯಾವಗಲ್ಲಿನ ಆ ಹಿರಿಯರೇ ಬಸ್ಸಿಳಿದು ಅಂಗಡಿಗೆ ಬಂದರು. ಸಿಟ್ಟು ಮಾಡಲಿಲ್ಲ, ಕೂರಲೂ ಇಲ್ಲ.

“ಗುಡ್ಡಕ್ಕ ಅಂತ ಕೊಟ್ಟೀವಿ. ಗುಡ್ಡದಾಗ ಬೇಯಿಸ್ರಿ, ನಾಕು ಮಂದಿ ಉಣ್ಲಿ. ಕೈ ಒಡ್ಡಿ ತಂದ ಕಾಳು ತಕ್ಕಡ್ಯಾಗ ಹಾಕಬ್ಯಾಡ್ರಿ.”

ನಮಗೂ ಇದು ಗೊತ್ತಿಲ್ಲದ್ದೇನಲ್ಲ. ಹತ್ತು ಜನರಿಂದ ಎತ್ತಿದ ಕಾಳು ಹತ್ತು ಜನರ ಹೊಟ್ಟೆಗೇ ಹೋಗಬೇಕು. ನಮ್ಮ ಅಪ್ಪಂದಿರೂ ಹಾಗೇ ನಡೆದುಕೊಂಡವರು. ಮಾರಿದರೆ ಕೋರ್ಟು ಸಿಗುತ್ತದೆ, ಊರು ಹೋಗುತ್ತದೆ. ನಾಳೆ ಗುಡ್ಡದ ಮುಂದೆ ನಿಲ್ಲಲು ನಮಗೆ ಜನ ಬೇಕು. ಇಷ್ಟು ಮಾತಾಡಿಕೊಂಡು ಗೆಳೆಯ ತಾಯಿಯ ಮುಖ ನೋಡಿದ. ಅವಳು ಉಣಿಸುವುದೇ ಚಲೋ ಅಂದಳು. ಕೈಯಲ್ಲಿದ್ದ ಅಷ್ಟಿಷ್ಟು ನಗದು ಬೆಲ್ಲಕ್ಕೆ, ತುಪ್ಪಕ್ಕೆ ಹೋಯಿತು.

ಗೆಳೆಯನದು ಒಂದೇ ಹಟ: ಅಡಿಗೆಗೆ ಗುಡ್ಡದ ಒಂದು ಕಡ್ಡಿಯನ್ನೂ ಮುರಿಯಬಾರದು. ಹಾಗಾಗಿ ಒಲೆಗೆ ಒಣ ಹತ್ತಿಗಿಡದ ಕಟಗಿ ಕೆಳಗಿನಿಂದಲೇ ಹೋಗಬೇಕಾಯಿತು; ನೀರು, ಹಂಡೆ, ಕಾಳು ಕೂಡ. ಎಲ್ಲ ಟ್ರಾಕ್ಟರಿನಲ್ಲಿ, ಸೀತಾಫಲದ ಗಿಡಗಳ ಸಂದಿಯಲ್ಲಿ ಹಾದು. ಅಡ್ಡ ಬಂದ ಕಲ್ಲುಗಳನ್ನು ಊರ ಜನ ಎತ್ತಿ ಎರಡೂ ಬದಿಗೆ ಸಾಲಾಗಿ ಇಟ್ಟರು. ಬರುವ ಮಂದಿ ದಾರಿ ತಪ್ಪಿ ಕೊರಕಲಿಗೆ ಬಿದ್ದರೆ ಏನು ಗತಿ ಎಂದು ಚಿಂತೆ ಹತ್ತಿ, ಆ ಕಲ್ಲುಗಳಿಗೆ ಸುಣ್ಣ ಬಳಿಸಿದವನು ನಾನು.

ಉಳಿದ ಚಿಂತೆಗಳೂ ಇದ್ದವು. ಹುಗ್ಗಿ ಸೀದರೆ? ಜೇನು ಎದ್ದರೆ? ಫಾರೆಸ್ಟಿನವರು ಬಂದು ಹಂಡೆ ಒಯ್ದರೆ? ಉಣಿಸುವ ದಿನ ಯಾವುದೂ ಆಗಲಿಲ್ಲ. ಫಾರೆಸ್ಟ್ ಗಾರ್ಡು ಬಂದ ಖರೇ, ಅಂಗಿಯ ತೋಳು ಏರಿಸಿ ಎರಡು ಸಲ ಹುಗ್ಗಿ ಹಾಕಿಸಿಕೊಂಡ. ಇಷ್ಟು ಮಂದಿ ಆ ಗುಡ್ಡ ಹತ್ತಿದ್ದನ್ನು ನಾನು ಕಂಡಿರಲಿಲ್ಲ. ಗೆಳೆಯನ ತಾಯಿ ಹೆಂಗಸರನ್ನು ಕರೆದೊಯ್ದು ತನ್ನ ಗಿಡಗಳನ್ನು ತೋರಿಸುತ್ತಿದ್ದಳು, ಹೊಸ ಸೊಸೆಗೆ ಮನೆ ತೋರಿಸುವ ಹಾಗೆ. ಎಲೆ ಉದುರಿಸಿ ನಿಂತ ಗಿಡಗಳು. ನೋಡಲು ಏನೂ ಇರಲಿಲ್ಲ. ಅವರೆಲ್ಲ ನೋಡಿದರು. ಯಾವಗಲ್ಲಿನ ಹಿರಿಯರು ಕೈ ತೊಳೆಯುತ್ತ, ರಸ್ತೆ ಅಗೆಯುವ ಮಷೀನು ಬಂದರೆ ಹೇಳಿ ಕಳಿಸಿರಿ, ಟ್ರಾಕ್ಟರ್ ತುಂಬ ಮಂದಿ ಬರುತ್ತೇವೆ ಎಂದರು. ನಾನು ನಂಬಿದೆ. ಆ ಮಧ್ಯಾಹ್ನ ಒಂದು ಗಳಿಗೆ ನನಗೆ ಯಾವ ಚಿಂತೆಯೂ ಇರಲಿಲ್ಲ.

ಮಷೀನು ಯುಗಾದಿ ಕಳೆದ ಮೇಲೆ ಬಂತು. ಹೇಳಿ ಕಳಿಸಿದೆವು, ಟ್ರಾಕ್ಟರ್ ತುಂಬ ಮಂದಿ ಬಂದರು ಕೂಡ. ಅಷ್ಟರಲ್ಲಿ ಗೆಳೆಯ ಮತ್ತು ನಾನು ಪಂಖದ ಕಂಪನಿಯ ಮೇಲ್ವಿಚಾರಕನ ಎದುರು ನಿಂತಿದ್ದೆವು. ಮೈಸೂರು ಕಡೆಯ, ಬಹಳ ಮರ್ಯಾದೆಯ ಮನುಷ್ಯ. ಕುರ್ಚಿ ಹಾಕಿಸಿದ.

“ನಾವು ಹೊಸ ರಸ್ತೆ ಮಾಡ್ತಾ ಇಲ್ಲ ಸಾರ್. ಇಲ್ಲಿ ಮೊದಲಿಂದ ದಾರಿ ಇದೆ. ನೋಡಿ, ಕಲ್ಲಿಗೆ ಸುಣ್ಣ ಹೊಡೆದಿದ್ದಾರೆ. ಅದನ್ನೇ ಅಗಲ ಮಾಡ್ತಿರೋದು.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಬಂದ ಮಂದಿ ಆ ಬಿಳಿ ಕಲ್ಲುಗಳನ್ನು ನೋಡಿದರು, ನಮ್ಮನ್ನು ನೋಡಿದರು. ಒಬ್ಬೊಬ್ಬರಾಗಿ ಮತ್ತೆ ಟ್ರಾಕ್ಟರ್ ಹತ್ತಿದರು. ಧಾರವಾಡಕ್ಕೆ ಫೋನ್ ಮಾಡಿದೆ. ಇದ್ದ ದಾರಿ ಅಗಲ ಮಾಡುವುದೆಂದರೆ ಕೇಸು ನಿಲ್ಲುವುದು ಕಷ್ಟ ಎಂದರು ವಕೀಲರು. ಅವರು ನಮಗೆ ಫೀ ಇಲ್ಲದೆ ಕೊಟ್ಟ ಸಲಹೆ ಅದೊಂದೇ.

ನಾವು ದಾರಿ ಮಾಡದಿದ್ದರೂ ಅವರು ಹೇಗಾದರೂ ಮಾಡುತ್ತಿದ್ದರು ಎಂದು ಗೆಳೆಯ ಎರಡು-ಮೂರು ಸಲ ಹೇಳಿದ. ಆಮೇಲೆ ಅದನ್ನೂ ಬಿಟ್ಟ. ಕೇಳುವುದರಲ್ಲಿ ಅಷ್ಟು ಚತುರನಾಗಿದ್ದವನು ಆ ವರ್ಷ ಗಾದಿಯ ಬಾಕಿಯನ್ನು ಕೂಡ ಯಾರ ಹತ್ತಿರವೂ ಕೇಳಿದ್ದನ್ನು ನಾನು ಕಾಣೆ. ಬದುಕಿನಲ್ಲಿ ಆಗದ್ದಕ್ಕೆಲ್ಲ ಚಿಂತೆ ಮಾಡಿದ ನನಗೆ, ಆಗುವುದೊಂದು ಕಣ್ಣೆದುರು ಬಿಳಿಯಾಗಿ ನಿಂತಾಗ ಕಾಣಲಿಲ್ಲ.

ಸೀತಾಫಲದ ಕಾಲಕ್ಕೆ ತಾಯಿ ಬುಟ್ಟಿ ತೆಗೆದಳು. ಬೇಡ ಅನ್ನುವ ಧೈರ್ಯ ಇಬ್ಬರಿಗೂ ಆಗಲಿಲ್ಲ. ಗಾದಿ ಸಾಗಿಸುವ ಟಂಟಂನಲ್ಲಿ ಅವಳನ್ನು ಕೂರಿಸಿಕೊಂಡು ಹೊಸ ರಸ್ತೆಯಲ್ಲಿ ಹೊರಟೆವು. ಮೊದಲು ಅವಳು ನಸುಕಿನಲ್ಲಿ ಹೊರಟರೆ ಬಿಸಿಲೇರಿದ ಮೇಲೆ ಮುಟ್ಟುತ್ತಿದ್ದ ಜಾಗ. ಗಾಡಿ ಎಲ್ಲಿಯೂ ಏದುಸಿರು ಬಿಡಲಿಲ್ಲ.

ಇಳಿದಳು. ಕೆಂಪು ಮಣ್ಣು ಕತ್ತರಿಸಿದ ದಂಡೆ, ಕೆಳಗೆ ಉರುಳಿಸಿದ ಕಲ್ಲಿನ ರಾಶಿ, ಅದರಡಿಯಿಂದ ಇಣುಕುವ ಸೀತಾಫಲದ ಒಂದೆರಡು ಟೊಂಗೆ. ಮೇಲೆ ಪಂಖ ತಿರುಗುತ್ತಿತ್ತು. ಅದರ ನೆರಳು ನಮ್ಮ ಮೇಲೆ ಹಾದು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಮಗ ಗಾಡಿಯ ಹ್ಯಾಂಡಲ್ ಬಿಡದೆ ಕೂತಿದ್ದ.

ಅವಳು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು.

“ಎಷ್ಟು ಲಗೂ ಬಂದ್ವಿ ತಮ್ಮಾ” ಎಂದಳು ನನಗೆ.