ಕಣದಲ್ಲಿ ಹೊಡೆದ ಎಂಟು ಗೂಟ

ಒಬ್ಬಳೇ ಹೋಗಿ ಹೊಳೆ ದಂಡೆಯಲ್ಲಿ ಟೆಂಟು ಹಾಕಿ ಒಂದು ರಾತ್ರಿ ಮಲಗಿ ಬರುತ್ತೇನೆ ಎಂದಾಗ ಅವ್ವ ಫೋನಿನಲ್ಲಿ, "ಮನೆ ಇಲ್ದೋರು ಬಯಲಲ್ಲಿ ಮಲಗ್ತಾರೆ ಕಣವ್ವ. ನಿಂಗೇನ್ ಬಂದದೆ?" ಎಂದಳು.

ಅವಳಿಗೆ ಹೇಗೆ ಹೇಳಲಿ? ನಾಗಮಂಗಲ ತಾಲ್ಲೂಕಿನ ನಮ್ಮ ಮನೆಯಲ್ಲಿ ಆರು ಜನ ಒಂದೇ ಸಾಲಿಗೆ ಮಲಗುತ್ತಿದ್ದೆವು. ಹಾಸ್ಟೆಲ್ಲಿನಲ್ಲಿ ಒಂದು ಕೋಣೆಗೆ ಎಂಟು ಹುಡುಗಿಯರು. ಈಗ ಪಾಂಡವಪುರದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಇರುವುದು ಶ್ರೀರಂಗಪಟ್ಟಣದಲ್ಲಿ, ಅಲ್ಲೂ ಇನ್ನೊಬ್ಬ ಟೀಚರ್ ಜೊತೆ ಒಂದೇ ರೂಮು. ಮೂವತ್ತನಾಲ್ಕು ವರ್ಷಕ್ಕೆ ಒಂದು ರಾತ್ರಿಯೂ ಒಬ್ಬಳೇ ಮಲಗಿದವಳಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕಷ್ಟಪಟ್ಟು ಪಡೆದದ್ದು. ಟೆಂಟು ಕೊಂಡದ್ದೂ ಅದೇ ಜಂಬದಲ್ಲಿ ಇರಬೇಕು. ಮಹಡಿಯ ಮೇಲೆ ಎರಡು ಸಲ ಹಾಕಿ ಬಿಚ್ಚಿ ಅಭ್ಯಾಸ ಮಾಡಿಕೊಂಡೆ.

ಡಿಸೆಂಬರಿನ ಒಂದು ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ, ಸ್ಕೂಟರಿಗೆ ಟೆಂಟು ಕಟ್ಟಿಕೊಂಡು ಅಕ್ಕಿಹೆಬ್ಬಾಳಿನ ದಾರಿ ಹಿಡಿದೆ. ಹೇಮಾವತಿ ದಂಡೆ ನನ್ನ ತಲೆಯಲ್ಲಿದ್ದಂತೆ ಇರಲಿಲ್ಲ. ನೀರಿನ ಹತ್ತಿರ ಕೆಸರು, ಮೇಲೆ ಇಳಿಜಾರು, ಉಳಿದ ಕಡೆ ಜಾಲಿ ಮುಳ್ಳು. ಸ್ಕೂಟರು ತಳ್ಳಿಕೊಂಡು ಹುಡುಕುತ್ತ ಐದೂವರೆಯಾಯಿತು. ಆಗ ಒಂದು ತೆಂಗಿನ ತೋಟದ ಪಕ್ಕ, ಹೊಳೆ ಕಾಣುವ ದಿಬ್ಬದ ಮೇಲೆ, ಹಾಸಿದ ಚಾಪೆಯಂಥ ನೆಲ ಕಂಡಿತು. ದುಂಡಗೆ, ಮಟ್ಟಸವಾಗಿ, ಒಂದು ಕಲ್ಲೂ ಇಲ್ಲದೆ. ಪಕ್ಕದಲ್ಲಿ ರಾಗಿ ತೆನೆಯ ಮೆದೆ.

ನೋಡಿದ ತಕ್ಷಣ ಗೊತ್ತಾಯಿತು. ಅದು ರಾಗಿ ಒಕ್ಕುವ ಕಣ. ಮಣ್ಣು ಕೆತ್ತಿ, ನೀರು ಹಾಕಿ, ಬಡಿದು, ಮೇಲೆ ಸಗಣಿ ಬಳಿದು ಮಾಡುವ ನೆಲ. ಅನ್ನ ಬೀಳುವ ಜಾಗ ಅದು, ಮೆಟ್ಟು ಹಾಕಿಕೊಂಡು ಯಾರೂ ಕಾಲಿಡುವುದಿಲ್ಲ. ನಮ್ಮವ್ವ ಕಂಡವರ ಕಣಗಳಿಗೆ ಕೂಲಿಗೆ ಸಗಣಿ ಸಾರಿಸಿದವಳು. ಸ್ಕೂಲಿಗೆ ಹೋಗುವ ಮೊದಲು ನಾನೂ ಅವಳ ಜೊತೆ ಸಾರಿಸಿದ್ದೇನೆ. ಕೈ ಎಷ್ಟು ತೊಳೆದರೂ ವಾಸನೆ ಹೋಗದೆ, ಬೆಂಚಿನಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡಿದ್ದಾಳೆ.

ಇಷ್ಟೆಲ್ಲ ಗೊತ್ತಿದ್ದವಳು ಮನಸ್ಸಿಗೆ ಒಂದು ಲೆಕ್ಕ ಹೇಳಿದೆ: ಈಗ ಯಾರು ಕಣ ಮಾಡುತ್ತಾರೆ, ಎಲ್ಲರೂ ಟಾರು ರಸ್ತೆ ಮೇಲೆ ರಾಗಿ ಸುರಿಯುತ್ತಾರೆ, ಇದು ಹಾಗೇ ಬಿಟ್ಟದ್ದಿರಬೇಕು. ಬಳಿದ ಸಗಣಿಯ ಹಸಿರು ಇನ್ನೂ ಮಾಸಿರಲಿಲ್ಲ. ಅದನ್ನು ನೋಡಿಯೂ ನೋಡದವಳಂತೆ, ಶೂ ಲೇಸು ಬಿಚ್ಚುವುದಕ್ಕೆ ಬೇಸರಪಟ್ಟು ಹಾಗೇ ನಡೆದು, ಎಂಟು ಕಬ್ಬಿಣದ ಗೂಟಗಳನ್ನು ಕಲ್ಲಿನಿಂದ ಹೊಡೆದೆ. ಒಂದೊಂದು ಏಟಿಗೂ ನೆಲದಿಂದ ಚಕ್ಕೆ ಏಳುತ್ತಿತ್ತು.

ಹೊತ್ತು ಮುಳುಗುವಾಗ ಕಣದ ಯಜಮಾನಿ ಬಂದಳು. ಅರವತ್ತರ ಆಸುಪಾಸು, ಮಂಡಿ ಎಳೆಯುತ್ತ ನಡೆಯುವವಳು. ಹಿಂದೆ ಹುಲ್ಲಿನ ಹೊರೆ ಹೊತ್ತ ಗಂಡ.

"ಯಾರಮ್ಮಿ ಅದು? ಯಾರ್ನ ಕೇಳಿ ಗುಡಾರ ಆಕಿದ್ದೀಯೆ? ಅಯ್ಯೋ, ನನ್ ಕಣ!"

ನಾನು ಎದ್ದು ನಿಂತೆ. ಬಾಯಿಂದ ಬಂದದ್ದು ತರಗತಿಯ ಕನ್ನಡ. "ಕ್ಷಮಿಸಿ, ಇದು ಕಣ ಅಂತ ನನಗೆ ಗೊತ್ತಾಗಲಿಲ್ಲ. ನಾನು ಮೈಸೂರಿನವಳು."

ಎರಡು ಮಾತು, ಎರಡೂ ಸುಳ್ಳು. ಅವಳು ನನ್ನ ಕನ್ನಡಕ ನೋಡಿದಳು, ಶೂ ನೋಡಿದಳು. ಅವಳ ದನಿ ಇಳಿಯಿತು.

"ನಾಳೆ ಮಧ್ಯಾನ್ಕೆ ಟ್ರಾಕ್ಟರು ಬತ್ತದೆ ಮೇಡಂ, ರಾಗಿ ಒಕ್ಕಕೆ. ಮೂರ್ ದಿನ ಕೂತ್ಕಂಡು ಮಾಡಿದ್ ಕಣ. ರಸ್ತೇಲಿ ಒಕ್ಕಿದ್ರೆ ಕಲ್ಲು ಬತ್ತದೆ ಅಂತ."

"ಬುಡಮ್ಮಿ," ಎಂದ ಗಂಡ, ಹೊರೆ ಇಳಿಸುತ್ತ. "ಪ್ಯಾಟೆಯವ್ರಿಗೆ ಏನ್ ಗೊತ್ತಾಯ್ತದೆ? ಕಣಾನೂ ಒಂದೆ, ಕ್ರಿಕೆಟ್ ಆಡೋ ಜಾಗಾನೂ ಒಂದೆ."

"ನೀ ಸುಮ್ಕಿರು. ಮೇಡಂ, ಈಗ ಗೂಟ ಕಿತ್ರೆ ಇನ್ನೂ ಚಕ್ಕೆ ಏಳ್ತದೆ. ಬೆಳಿಗ್ಗೆ ನೀರಾಕಿ ನೆನಸಿ ಕೀಳಣ. ನೀವು ಮನೇಗ್ ಬನ್ನಿ, ಎಣ್ಣೆಂಗ್ಸು ಒಬ್ರೆ ಇಲ್ಲಿ ಎಂಗ್ ಮಲಗೀರಿ?"

ನಾನು ಒಪ್ಪಲಿಲ್ಲ. ಒಬ್ಬಳೇ ಮಲಗುವುದಕ್ಕೇ ಬಂದವಳು ನಾನು, ಆ ಹಟ ಆಗಲೂ ಬಿಟ್ಟಿರಲಿಲ್ಲ. ತೋಟದಾಚೆಯೇ ಅವರ ಮನೆ. ಅರ್ಧ ಗಂಟೆಯಲ್ಲಿ ಅವಳು ತಟ್ಟೆಯಲ್ಲಿ ಮುದ್ದೆ, ಬಟ್ಟಲಲ್ಲಿ ಬಿಸಿ ಅವರೆಕಾಳಿನ ಸಾರು ಹಿಡಿದು ಮತ್ತೆ ಬಂದಳು. ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಂದು ಕೂತಳು.

"ಮುದ್ದೆ ನುಂಗಕ್ ಬತ್ತದಾ ಮೇಡಂ?"

ಮುದ್ದೆ ತಿಂದೇ ಬೆಳೆದವಳು ನಾನು, ಒಂದು ತುತ್ತು ಬಾಯಿಗಿಟ್ಟು ಅಗಿದೆ. ಬೇಕೆಂದೇ ಅಗಿದೆ.

"ಅಗೀಬಾರ್ದು! ಹಲ್ಗೆ ಮೆತ್ಕತದೆ. ಇಂಗೆ, ಸಾರಲ್ಲಿ ಅದ್ದಿ ಸರಕ್ ಅಂತ ಬುಟ್ಬುಡ್ಬೇಕು," ಎಂದು ಅವಳು ಗಂಟಲು ಮುಟ್ಟಿ ತೋರಿಸಿ ನಕ್ಕಳು. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ರಾತ್ರಿ ಚೆನ್ನಾಗಿ ನಿದ್ದೆ ಬಂತು. ಅದನ್ನೂ ಹೇಳಲೇಬೇಕು.

ಬೆಳಿಗ್ಗೆ ಅವಳು ಬಕೆಟ್ಟಿನಲ್ಲಿ ಸಗಣಿ ಬಗ್ಗಡ, ತೊಗರಿ ಕಡ್ಡಿಯ ಪೊರಕೆ ತಂದಳು. ಬಿಸಿಲೇರುವ ಮೊದಲು ಬಳಿದರೆ ಮಾತ್ರ ಮಧ್ಯಾಹ್ನಕ್ಕೆ ಒಣಗುತ್ತದೆ. ನೀರು ಹಾಕಿ ನೆನೆಸಿ ಗೂಟ ಕಿತ್ತೆವು, ಗುಂಡಿಗಳಿಗೆ ಮಣ್ಣು ತುಂಬಿ ಬಡಿದೆವು. ಬಗ್ಗಿ ಬಳಿಯಲು ಹೊರಟವಳು ಮಂಡಿ ಹಿಡಿದುಕೊಂಡು ನಿಂತುಬಿಟ್ಟಳು. ನಾನು ಟೆಂಟು ಮಡಚುತ್ತಿದ್ದೆ. ನಿಜ ಹೇಳುತ್ತೇನೆ, ನನಗೆ ಮೊದಲು ಹೊಳೆದದ್ದು ಅವಳ ಮಂಡಿಯಲ್ಲ. ಪೊರಕೆ ಹಿಡಿದರೆ ನನ್ನ ಗುಟ್ಟು ಹೊರಬೀಳುತ್ತದಲ್ಲ ಎಂಬುದು. ಇನ್ನೊಂದು ಸಲ ಅವಳು ಬಗ್ಗಿ ಎದ್ದು ಏದುಸಿರು ಬಿಟ್ಟ ಮೇಲೆ, "ಕೊಡಿ, ನಾನು ಮಾಡ್ತೀನಿ" ಎಂದೆ.

"ಬುಡಿ ಮೇಡಂ, ಕೈ ವಾಸ್ನೆ ಒಡೀತದೆ."

ಪೊರಕೆ ತೆಗೆದುಕೊಂಡು ಮುಂದಕ್ಕೆ ಬಳಿಯುತ್ತ ನಡೆದೆ, ಬಳಿದದ್ದನ್ನೇ ತುಳಿಯುತ್ತ. ಅದೂ ನಾಟಕವೇ.

"ಇಂಗಲ್ಲ ಮೇಡಂ! ಹಿಂದಕ್ಕೆ ಓಗ್ತಾ ಬಳೀಬೇಕು."

ಹಿಂದಕ್ಕೆ ತಿರುಗಿದೆ. ನಾಲ್ಕೈದು ಸಲ ಬೇಕೆಂದೇ ಸೊಟ್ಟಗೆ ಎಳೆದೆ. ಆಮೇಲೆ ಯಾವಾಗ ನಾಟಕ ಮರೆತೆನೋ ತಿಳಿಯದು. ಎಡಗೈ ಬಗ್ಗಡ ಚೆಲ್ಲುತ್ತಿತ್ತು, ಬಲಗೈ ಪೊರಕೆಯನ್ನು ಕಮಾನಿನಂತೆ ಎಳೆಯುತ್ತಿತ್ತು, ಒಂದು ಕಮಾನಿನ ಅಂಚಿಗೆ ಇನ್ನೊಂದು. ಅವ್ವ ಕಲಿಸಿದ್ದು. ಅರ್ಧ ಕಣ ಮುಗಿದಾಗ ಅವಳ ಮಾತು ನಿಂತಿದೆ ಎಂದು ಅರಿವಾಗಿ ತಲೆಯೆತ್ತಿದೆ. ಅವಳು ನನ್ನ ಕೈ ನೋಡುತ್ತಿದ್ದಳು.

"ಯಾವೂರು ನಿಂದು?"

ಮೇಡಂ ಹೋಗಿತ್ತು.

"ನಾಗಮಂಗಲದ ಕಡೆ ಕಣವ್ವ," ಎಂದೆ. ನಮ್ಮೂರ ಮಾತು ತಾನಾಗಿ ಬಂತು. "ನಮ್ಮವ್ವ ಕಣ ಸಾರ್ಸಕ್ಕೆ ಕೂಲಿಗೆ ಓಯ್ತಿದ್ಲು. ನಾನೂ ಓಗಿದ್ದೀನಿ."

ನನ್ನ ಎದೆ ಹಗುರಾಯಿತು. ಅವಳೂ ನಗುತ್ತಾಳೆ, ನಮ್ಮ ಹುಡುಗಿಯೇ ಎನ್ನುತ್ತಾಳೆ ಎಂದು ನಾನು ಕಾದಿದ್ದೆ.

"ಅಂಗಾರೆ ಗೊತ್ತಿದ್ದೂ ಮೆಟ್ಟಾಕಂಡು ತುಳುದ್ಯಾ?" ಎಂದಳು.

ನಾನು ಪೊರಕೆಯನ್ನು ಬಗ್ಗಡಕ್ಕೆ ಅದ್ದಿದೆ.

"ಗೊತ್ತಿಲ್ದೆ ಮಾಡವ್ರೆ ಪಾಪ ಅಂತ ಸಾರು ಬಿಸಿ ಮಾಡ್ಕಂಡು ತಂದೆ ನಾನು." ಬೈಗುಳವಿರಲಿಲ್ಲ ಅದರಲ್ಲಿ. ಬೈದಿದ್ದರೆ ಒಳ್ಳೆಯದಿತ್ತು. ಆಮೇಲೆ ಬೆರಳು ತೋರಿಸಿದಳು. "ಅಗಾ, ಆ ಅಂಚು ಉಳಕಂಡದೆ."

ಅಂಚು ಬಳಿದೆ. ಹೋಗು ಎಂದು ಅವಳು ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಒಣಗುವವರೆಗೆ ಇರಬೇಕೆಂದು ತೋಟದ ಬದುವಿನ ಮೇಲೆ ಕೂತೆ. ಮಧ್ಯಾಹ್ನ ಟ್ರಾಕ್ಟರು ಬಂದಾಗ ಗೂಟದ ಎಂಟು ಗುಂಡಿಗಳಲ್ಲಿ ಮೂರು ಇನ್ನೂ ಕಪ್ಪಗೆ ತೇವವಾಗಿದ್ದವು. ಟ್ರಾಕ್ಟರಿನವನು ಇಳಿದು ಹೆಬ್ಬೆರಳು ಒತ್ತಿ ನೋಡಿದ.

"ಏನಜ್ಜಿ ಇದು, ಇಂಗೇ ಓಡ್ಸುದ್ರೆ ರಾಗಿ ಜೊತೆ ಮಣ್ಣೂ ಬತ್ತದೆ. ನಂಗೆ ಇನ್ನೂ ಎರಡ್ ಕಡೆ ಅದೆ. ನಾಡಿದ್ದು ಬತ್ತೀನಿ."

"ಇಬ್ಬನಿ ಜಾಸ್ತಿ ಬಿದ್ಬುಡ್ತು ಕಣ್ಲಾ," ಎಂದಳು ಅವಳು. "ನಾಡಿದ್ದು ತಪ್ಪುಸ್ಬೇಡ."

ಅವಳ ಗಂಡ ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ. ನಾನು ಎದ್ದು, "ಇಬ್ಬನಿ ಅಲ್ಲ, ನನ್ನಿಂದ ಆದದ್ದು" ಎನ್ನಬಹುದಾಗಿತ್ತು. ಎರಡೇ ಹೆಜ್ಜೆ ದೂರ ಇದ್ದೆ. ಅನ್ನಲಿಲ್ಲ. ಟ್ರಾಕ್ಟರು ಹೋದ ಮೇಲೆ ಹೊರಡುತ್ತೇನೆ ಎಂದೆ. ಅವಳು ಮೆದೆಯ ಮೇಲೆ ಟಾರ್ಪಾಲು ಎಳೆಯುತ್ತಿದ್ದಳು. "ಊಂ" ಎಂದಳು, ಅಷ್ಟೇ. ಕೆ.ಆರ್. ಪೇಟೆ ದಾಟುವವರೆಗೂ ರಸ್ತೆಯಲ್ಲಿ ಹರವಿದ ರಾಗಿ ತೆನೆಯ ಮೇಲೆ ಸ್ಕೂಟರು ಓಡಿಸಿಕೊಂಡು ಬಂದೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಅವ್ವ, "ಆ ಗುಡಾರ ತಂದಿದ್ದೀಯಾ? ತೋರ್ಸು ನೋಡಣ" ಎಂದಳು. ಅಂಗಳದಲ್ಲಿ ಹಾಕಿ ತೋರಿಸಿದೆ. ಅವಳು ಸುತ್ತ ಒಂದು ಸಲ ತಿರುಗಿ, ಬಟ್ಟೆ ಸವರಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ತೂರಿ ಕೂತಳು.

"ಚೆನ್ನಾಗದೆ ಕಣವ್ವ, ಗೂಡಿದ್ದಂಗೆ. ಅಲ್ಲಿ ಎಲ್ಲಿ ಆಕಿದ್ದೆ?"

"ಹೊಳೆ ಹತ್ರ. ಮಟ್ಟವಾದ ಜಾಗ ಸಿಕ್ತು," ಎಂದೆ.

"ಸದ್ಯ, ಬುಡು," ಎಂದಳು ಅವ್ವ.