ಮೊದಲ ಅಧ್ಯಾಯದ ಲಾರಿ

ನನ್ನದು ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಓದಿದವರು ಅಭಿಪ್ರಾಯ ಬರೆಯಲಿ ಎಂದು ಪ್ರತಿ ಪುಸ್ತಕದ ಕೊನೆಗೆ ಒಂದು ಬಿಳಿ ಹಾಳೆ ಅಂಟಿಸಿರುತ್ತೇನೆ. ಎಲ್ಲಕ್ಕಿಂತ ಬೇಗ ತುಂಬುವುದು ಇಸೆಕಾಯ್ ಎಂಬ ಜಾತಿಯ ಜಪಾನಿ ಮಂಗಾಗಳ, ಅಂದರೆ ಚಿತ್ರಕಥೆ ಪುಸ್ತಕಗಳ, ಹಾಳೆ. ಕಥೆ ಬಹುಪಾಲು ಒಂದೇ. ಯಾವುದಕ್ಕೂ ಬಾರದವನೊಬ್ಬ ಲಾರಿಗೆ ಸಿಕ್ಕಿ ಸಾಯುತ್ತಾನೆ, ಬೇರೆ ಲೋಕದಲ್ಲಿ ಕಣ್ಣು ಬಿಡುತ್ತಾನೆ, ಅಲ್ಲಿ ಅವನಿಗೆ ಎದುರೇ ಇಲ್ಲ. ‘ಇವನಿಗೇನು ಎರಡು ಕೊಂಬಿದೆಯಾ’, ‘ಎಲ್ಲರನ್ನೂ ಒಂದೇ ಏಟಿಗೆ ಮಲಗಿಸಿದರೆ ನಾವು ಓದುವುದೇನನ್ನು’, ‘ಇವನ ಸೊಕ್ಕಿಗಿಂತ ರಾಕ್ಷಸನೇ ವಾಸಿ’ ಎಂದೆಲ್ಲ ಬೈದು ಬರೆಯುತ್ತಾರೆ. ಮರುದಿನ ಮುಂದಿನ ಭಾಗಕ್ಕೆ ಅವರೇ ಮುಗಿಬೀಳುತ್ತಾರೆ. ನಾಚಿಕೆಯಿಲ್ಲದ ಜನ.

ಈ ಬೈಗುಳಗಳ ನಡುವೆ ದುಂಡನೆಯ ಅಕ್ಷರದ ಒಂದು ಸಾಲು ಮಾತ್ರ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತಿರಲಿಲ್ಲ: ‘ಲಾರಿಯವನು ಏನಾದ ಎಂದು ಇವನು ಕೇಳಲೇ ಇಲ್ಲ.’

ಅದು ಪಕ್ಕದ ಬೀದಿಯ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುವವನ ಅಕ್ಷರ. ಗಾಳಿ ತುಂಬಿಸಿಕೊಂಡು ಹೊರಟ ಪ್ರತಿಯೊಬ್ಬರಿಗೂ ‘ಮೆಲ್ಲಗೆ ಹೋಗಿ’ ಎನ್ನುತ್ತಿದ್ದುದರಿಂದ ಬೀದಿಯವರೆಲ್ಲ ಅವನನ್ನು ಮೆಲ್ಲಗಣ್ಣ ಎಂದು ಕರೆದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಒಂದು ಮಧ್ಯಾಹ್ನ ಅವನು ಕಾರಣ ಹೇಳಿದ. ಹತ್ತೊಂಬತ್ತು ವರ್ಷ ಲಾರಿ ಓಡಿಸಿದ್ದನಂತೆ. ಒಂದು ಬೆಳಿಗ್ಗೆ ಆಫೀಸಿಗೆ ಹೊರಟ ಗುಮಾಸ್ತನೊಬ್ಬ ಫೋನು ನೋಡುತ್ತಾ ರಸ್ತೆಗಿಳಿದ. ಬ್ರೇಕು ತುಳಿದರೂ ಉಳಿಯಲಿಲ್ಲ. ಕೋರ್ಟು ಇವನ ತಪ್ಪಿಲ್ಲ ಎಂದಿತು. ಆಮೇಲೆ ಇವನು ಸ್ಟೇರಿಂಗ್ ಮುಟ್ಟಲಿಲ್ಲ.

“ಕೋರ್ಟು ಹೇಳ್ತು, ಸರಿ. ಹೇಳ್ಬೇಕಾದವನು ಹೇಳಲಿಲ್ವಲ್ಲ ಅಕ್ಕ. ಈ ಪುಸ್ತಕದವರು ಸತ್ತಮೇಲೂ ಮಾತಾಡ್ತಾರೆ. ಇಷ್ಟು ಜನರಲ್ಲಿ ಒಬ್ಬನಾದ್ರೂ ‘ಡ್ರೈವರ್ ತಪ್ಪಿಲ್ಲ’ ಅಂದಿರ್ತಾನೆ. ಅದೊಂದು ಸಿಕ್ಕಿದ್ರೆ ಸಾಕು ನನಗೆ,” ಎಂದ.

ಆ ಒಂದು ಮಾತಿಗಾಗಿ ಅಂಗಡಿಯಲ್ಲಿದ್ದ ಇಸೆಕಾಯ್‌ಗಳನ್ನೆಲ್ಲ ಎರಡು ತಿಂಗಳು ಕೂತು ಓದಿದೆ. ಆ ನಾಯಕರು ಬೆಟ್ಟ ಸೀಳುತ್ತಾರೆ, ದೇವರನ್ನೇ ಬಗ್ಗಿಸುತ್ತಾರೆ; ಲಾರಿಯತ್ತ ತಿರುಗಿ ನೋಡಿದವನು ಒಬ್ಬನೂ ಇಲ್ಲ. ಓದುಗರು ಬೈದದ್ದು ಕಡಿಮೆಯೇ ಆಯಿತು ಅನ್ನಿಸಿತು.

ಆಗ ನಾನೊಂದು ಎಡವಟ್ಟು ಮಾಡಿದೆ. ಒಂದು ಸರಣಿಯ ಹದಿನೇಳನೇ ಭಾಗ ಯಾರೋ ಒಯ್ದು ವಾಪಸು ಕೊಟ್ಟಿರಲಿಲ್ಲ, ಬೇರೆ ಕಡೆ ಸಿಗುವಂಥದ್ದೂ ಅಲ್ಲ ಎಂದುಕೊಂಡಿದ್ದೆ. ಹದಿನೆಂಟನೆಯದರ ಹಾಳೆಯಲ್ಲಿ ಎಡಗೈಯಿಂದ ಬರೆದೆ: ‘ಹಿಂದಿನ ಭಾಗದಲ್ಲಿ ನಾಯಕ ಆ ಡ್ರೈವರನ್ನು ನೆನೆದು, ಅವನ ತಪ್ಪಿಲ್ಲ ಎನ್ನುವ ಕಡೆ ಕಣ್ಣೀರು ಬಂತು.’ ಅದನ್ನು ಓದಿದ ಮೆಲ್ಲಗಣ್ಣ ಅಂಗಡಿಯಲ್ಲೇ ಕುಸಿದು ಕೂತ. ಮುಖದಲ್ಲಿ ಎಂಥ ಗೆಲುವು! ಪುಣ್ಯದ ಕೆಲಸ ಮಾಡಿದೆ ಎಂದು ನಾನೂ ಬೀಗಿದೆ.

ಮೂರು ವಾರ ಅವನ ಸುಳಿವಿರಲಿಲ್ಲ. ಬಂದವನು ಹದಿನೇಳನೇ ಭಾಗವನ್ನು ಮೇಜಿನ ಮೇಲಿಟ್ಟ. ಮೂರು ಊರು ಹುಡುಕಿ ತಂದಿದ್ದ.

“ನಿಮ್ಮಲ್ಲಿ ಇದೊಂದು ಇರಲಿಲ್ವಲ್ಲ, ಇಟ್ಕೊಳ್ಳಿ,” ಎಂದ. “ಎರಡು ಸಲ ಓದಿದೆ.”

“ಯಾವುದೋ ಪುಟ ಹರಿದುಹೋಗಿರ್ಬೇಕು,” ಎಂದೆ. ಸುಳ್ಳಿನ ಮೇಲೆ ಸುಳ್ಳು.

“ನಂಬರ್ ನೋಡಿದೆ. ಎಲ್ಲ ಪುಟಾನೂ ಇದೆ.”

“ಅದನ್ನ ಬರೆದಿದ್ದು ನಾನೇ,” ಎಂದೆ.

“ಗೊತ್ತಾಯ್ತು ಅಕ್ಕ. ಒಳ್ಳೇದಕ್ಕೇ ಬರೆದಿದ್ದೀರಿ, ಬೇಜಾರಿಲ್ಲ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಒಂದು ಕೇಳ್ತೀನಿ. ಈ ಪುಸ್ತಕ ಬರೆಯೋರದು ಕಟ್ಟುಕಥೆ. ಏನು ಬೇಕಾದ್ರೂ ಬರೀಬಹುದು. ಅಂಥವರಿಗೇ ಹಾಗೊಂದು ಮಾತು ಬರೆಯೋಣ ಅನ್ನಿಸಿಲ್ಲ ಅಂದ್ರೆ, ನಿಜವಾಗಿ ಸತ್ತವನು ಹೇಳ್ತಾನಾ?”